ಕಡತ ಮುಚ್ಚುವ ಮೊದಲು: ವೈಟ್‌ಫೀಲ್ಡ್, ಪೀಣ್ಯದವರಿಗೆ ಏಳು ಸೂತ್ರ

2017ರ ಫೆಬ್ರುವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದಾಗ ದೇಶವೇ ತಿರುಗಿ ನೋಡಿತು. ವರ್ತೂರು ಕೋಡಿಯ ನೊರೆ ಅದಕ್ಕೂ ಮೊದಲೇ ಹಾರಿ ಬಂದು ಬೈಕ್ ಸವಾರರ ಮುಖಕ್ಕೆ ಬಡಿಯುತ್ತಿತ್ತು. ಫೋಟೊ ಹಾಕಿದ್ದು ವ್ಯರ್ಥವಾಯಿತು ಎನ್ನಲಾಗದು. ಮಾಧ್ಯಮ ವರದಿ ನೋಡಿಯೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತಾನಾಗಿ ಪ್ರಕರಣ ಎತ್ತಿಕೊಂಡಿತು. 2018ರ ಡಿಸೆಂಬರ್‌ನಲ್ಲಿ ರಾಜ್ಯ ಸರಕಾರಕ್ಕೆ 50 ಕೋಟಿ, ಬಿಬಿಎಂಪಿಗೆ 25 ಕೋಟಿ ದಂಡ ಹಾಕಿತು. ಆದರೆ ಫೋಟೊದಿಂದ ದಂಡದವರೆಗಿನ ಸುಮಾರು ಎರಡು ವರ್ಷದ ದಾರಿಯೆಲ್ಲ ಕಾಗದದ್ದು. ಆ ಕಾಗದದ ದಾರಿಯ ಸೂತ್ರಗಳು ಇವು.

1. ಆಕ್ಷೇಪಣೆಯ ದಿನ ಎಣಿಸಿ. 50ಕ್ಕಿಂತ ಹೆಚ್ಚು ಮರ ಕಡಿಯಬೇಕಾದರೆ ವೃಕ್ಷ ಅಧಿಕಾರಿ ಪ್ರಕಟಣೆ ಹೊರಡಿಸಿ ಜನರ ಆಕ್ಷೇಪಣೆ ಕರೆಯಲೇಬೇಕು. ನಿಮಗೆ ಸಿಗುವುದು 10 ದಿನ. ದೊಡ್ಡ ಯೋಜನೆಗಳ ಪರಿಸರ ಆಲಿಕೆ ಸಭೆಗೆ ಕನಿಷ್ಠ 30 ದಿನ ಮೊದಲು ನೋಟಿಸ್ ಬರುತ್ತದೆ. ಗರಗಸದ ಸದ್ದು ಕೇಳಿದ ಮೇಲೆ ಓಡಿಬಂದರೆ, ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಪತ್ರಿಕೆಯ ಆ ಸಣ್ಣಕ್ಷರದ ಪುಟ ಓದುವ ಒಬ್ಬರು ನಿಮ್ಮ ಗುಂಪಿನಲ್ಲಿರಲಿ. ನಿವೃತ್ತರಾದರೆ ಇನ್ನೂ ಒಳ್ಳೆಯದು.

2. ಯಾರ ಬಾಗಿಲು ತಟ್ಟಬೇಕೆಂದು ಮೊದಲು ತಿಳಿಯಿರಿ. ಎಲೆಕ್ಟ್ರಾನಿಕ್ ಸಿಟಿಯ ಕೈಗಾರಿಕಾ ಆವರಣಕ್ಕೆ ಎಲ್ಸಿಟಾ ಎಂಬ ಪ್ರತ್ಯೇಕ ಪ್ರಾಧಿಕಾರವಿದೆ. ಅದರ ಗಡಿ ದಾಟಿದರೆ ಕಚೇರಿಯೇ ಬೇರೆ. ಪೀಣ್ಯದ ಕಾರ್ಖಾನೆಯ ಹೊಗೆ, ತ್ಯಾಜ್ಯನೀರು ಮಾಲಿನ್ಯ ನಿಯಂತ್ರಣ ಮಂಡಳಿಯ ಪಾಲು.

3. ಕನ್ನಡದಲ್ಲಿ ಕೊಡಿ ಎಂದು ಕೇಳಿ. ಭಾಷಾಭಿಮಾನದ ಮಾತಲ್ಲ ಇದು, ವರಸೆ. 2020ರಲ್ಲಿ ಕೇಂದ್ರ ಸರಕಾರ ಪರಿಸರ ಪರಿಣಾಮ ಅಂದಾಜಿನ ಕರಡು ಅಧಿಸೂಚನೆಯನ್ನು ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಪ್ರಕಟಿಸಿ, ಅಭಿಪ್ರಾಯ ಹೇಳಿ ಎಂದಿತು. ಕೋಲಾರದ ರೈತ ಏನು ಹೇಳಿಯಾನು? ಬೆಂಗಳೂರಿನ ಯುನೈಟೆಡ್ ಕನ್ಸರ್ವೇಶನ್ ಮೂವ್‌ಮೆಂಟ್ ಹೈಕೋರ್ಟ್ ಮೆಟ್ಟಿಲು ಹತ್ತಿತು. ಸ್ಥಳೀಯ ಭಾಷೆಗಳಲ್ಲಿ ಪ್ರಚಾರವಾಗದ ಕಾರಣಕ್ಕೆ, ಅಂತಿಮ ಅಧಿಸೂಚನೆ ಹೊರಡಿಸದಂತೆ ಆ ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟ್ ಮಧ್ಯಂತರ ಆದೇಶ ಕೊಟ್ಟಿತು. ಕರಡಿನ ಒಳತಿರುಳಿಗೆ ಕೋರ್ಟ್ ಇನ್ನೂ ಕೈ ಹಾಕಿರಲಿಲ್ಲ. ಭಾಷೆಯೊಂದೇ ಕಡತವನ್ನು ನಿಲ್ಲಿಸಿತ್ತು.

4. ಆರ್‌ಟಿಐ ಅರ್ಜಿಯಲ್ಲಿ ‘ಏಕೆ’ ಎಂದು ಕೇಳಬೇಡಿ, ಕಾಗದ ಕೇಳಿ. 10 ರೂಪಾಯಿ ಶುಲ್ಕ, 30 ದಿನದ ಗಡುವು. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದಗಳೊಳಗೆ. ‘ನಮ್ಮ ಬೀದಿಯ ಕಾರ್ಖಾನೆಯಿಂದ ಏಕೆ ವಾಸನೆ ಬರುತ್ತಿದೆ?’ ಎಂದರೆ ಉತ್ತರ ಬರುವುದಿಲ್ಲ. ‘ಅದಕ್ಕೆ ಕೊಟ್ಟ ಸಮ್ಮತಿ ಪತ್ರ ಮತ್ತು ಕಳೆದ ಒಂದು ವರ್ಷದ ತ್ಯಾಜ್ಯನೀರಿನ ಪರೀಕ್ಷಾ ವರದಿಗಳ ಪ್ರತಿ ಕೊಡಿ’ ಎಂದರೆ ಗುಮಾಸ್ತರು ಬೀರು ತೆಗೆಯಲೇಬೇಕು.

5. ಕೆಇಆರ್‌ಸಿಯನ್ನು, ಅಂದರೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವನ್ನು, ಮರೆಯಬೇಡಿ. ಚಾವಣಿ ಸೌರ ವಿದ್ಯುತ್ತಿಗೆ ಎಷ್ಟು ದರ ಎಂದು ನಿರ್ಧರಿಸುವುದು ಈ ಆಯೋಗ. ಬೆಸ್ಕಾಂ ವಿದ್ಯುತ್ ದರದ ಅರ್ಜಿ ಹಾಕಿದಾಗ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಿ ವಿಚಾರಣೆಯಲ್ಲಿ ಮಾತಾಡಬಹುದು. ಆಕ್ಷೇಪಣೆ, ಅದಕ್ಕೆ ಕಂಪನಿಯ ಉತ್ತರ, ಆಯೋಗದ ಅಭಿಪ್ರಾಯ ಮೂರೂ ಅಂತಿಮ ಆದೇಶದಲ್ಲೇ ಅಚ್ಚಾಗುತ್ತವೆ. ಇಷ್ಟು ಮರ್ಯಾದೆ ಬೇರೆಲ್ಲಿ ಸಿಗುತ್ತದೆ? ಪೀಣ್ಯದ ಸಾವಿರಾರು ಶೆಡ್ಡುಗಳ ತಗಡಿನ ಮೇಲೆ ಬೀಳುವ ಬಿಸಿಲಿಗೆ ವಕಾಲತ್ತು ವಹಿಸುವವರು ಬೇಕಾಗಿದ್ದಾರೆ.

6. ‘ಬೇಡ’ ಸುಲಭ, ‘ಬೇಕು’ ಕಷ್ಟ. 2016ರ ಅಕ್ಟೋಬರ್ 16ರಂದು ಜನ ಮಾನವ ಸರಪಳಿ ಕಟ್ಟಿ ‘ಸ್ಟೀಲ್ ಫ್ಲೈಓವರ್ ಬೇಡ’ ಎಂದರು. 2017ರ ಮಾರ್ಚ್ 2ಕ್ಕೆ ಸರಕಾರ ಯೋಜನೆ ಕೈಬಿಟ್ಟಿತು. ಐದು ತಿಂಗಳೂ ಹಿಡಿಯಲಿಲ್ಲ. ‘ಚುಕುಬುಕು ಬೇಕು’ ಎಂಬ ಉಪನಗರ ರೈಲಿನ ಕೂಗೂ ಆ ಕಾಲದ್ದೇ. ಕೇಂದ್ರ ಒಪ್ಪಿದ್ದು 2020ರಲ್ಲಿ, ಶಂಕುಸ್ಥಾಪನೆ 2022ರಲ್ಲಿ. ಹೊರವರ್ತುಲ ರಸ್ತೆಗೆ 2019ರಲ್ಲಿ ಬಂದ ಬಸ್ ಆದ್ಯತಾ ಪಥವಂತೂ ಬಂದ ಹಾಗೇ ಹೋಯಿತು. ಬೇಕು ಎನ್ನುವವರು ಬುತ್ತಿ ಕಟ್ಟಿಕೊಂಡೇ ಹೊರಡಬೇಕು. ಕಂಪನಿಯ ಗುರುತಿನ ಚೀಟಿ ಇದ್ದರೆ ಅದನ್ನೂ ಬಳಸಿ: 2022ರ ಪ್ರವಾಹದಲ್ಲಿ ಹೊರವರ್ತುಲ ರಸ್ತೆಯ ಕಂಪನಿಗಳ ಸಂಘ ಒಂದೇ ದಿನದಲ್ಲಿ 225 ಕೋಟಿ ನಷ್ಟ ಎಂದು ಪತ್ರ ಬರೆದಾಗ, ಕಂಪನಿಗಳನ್ನು ಕರೆದು ಮಾತಾಡುವುದಾಗಿ ಮುಖ್ಯಮಂತ್ರಿಯೇ ಹೇಳಿದರು. ಮುಳುಗಿದ ಗುಡಿಸಲಿನವರ ಬಳಿ ಅಂಥ ಲೆಟರ್‌ಹೆಡ್ ಇರಲಿಲ್ಲ.

7. ಗೆದ್ದ ಮೇಲೂ ಮಲಗಬೇಡಿ. ಕೆರೆಯಂಚಿನಿಂದ 75 ಮೀಟರ್ ಬಿಡಬೇಕೆಂದು 2016ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಮಹಾಯೋಜನೆಯಲ್ಲಿ ಬರೆದದ್ದನ್ನು ನ್ಯಾಯಮಂಡಳಿ ತಿದ್ದಲಾಗದಂತೆ. ಹಾಗಾದರೆ ಮಹಾಯೋಜನೆಯ ಕರಡು ಹೊರಬಿದ್ದಾಗಲೇ ನಮ್ಮ ಆಕ್ಷೇಪಣೆ ಅಲ್ಲಿರಬೇಕು. 2023ರ ನವೆಂಬರ್‌ನಲ್ಲಿ ಬಿಡುಗಡೆಯಾದ ಬೆಂಗಳೂರು ಹವಾಮಾನ ಕ್ರಿಯಾಯೋಜನೆ 2050ಕ್ಕೆ ನಿವ್ವಳ ಶೂನ್ಯ ಇಂಗಾಲದ ಗುರಿ ಇಟ್ಟಿದೆ. ಈ ವರ್ಷದ ಬಜೆಟ್ಟಿನಲ್ಲಿ ಅದಕ್ಕೆ ಎಷ್ಟು ಇಟ್ಟಿದ್ದೀರಿ ಎಂದು ಪ್ರತಿ ವರ್ಷ ನಗರಾಡಳಿತಕ್ಕೆ ಪತ್ರ ಬರೆಯಿರಿ. ಎರಡು ಪ್ರತಿ ಒಯ್ದು, ಟಪಾಲು ಶಾಖೆಯಲ್ಲಿ ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಂಡು ಬನ್ನಿ. ಊಟದ ಹೊತ್ತಿಗೆ ಮುಂಚೆಯೇ ಹೋಗಿ.