ನರ್ಸಿಂಗ್ ಸೇರುವ ಮುನ್ನ ಆಸ್ಪತ್ರೆ ನೋಡಿ ಬನ್ನಿ

ನಾನು ಈ ಕಾಲೇಜಿನ ಹಳೆಯ ವಿದ್ಯಾರ್ಥಿನಿ. ಕಲಾ ವಿಭಾಗದಲ್ಲಿ ದ್ವಿತೀಯ ಪಿಯುಸಿ ಮುಗಿಸಿದ ವರ್ಷವೇ ಮದುವೆಯಾಗಿ ಶ್ರೀನಿವಾಸಪುರಕ್ಕೆ ಹೋದೆ. ಈಗ ನನಗೆ 31 ವರ್ಷ, ಇಬ್ಬರು ಮಕ್ಕಳು, ಓದುತ್ತಿರುವುದು ಜಿಎನ್‌ಎಂ ಎರಡನೇ ವರ್ಷ. ಪಿಯುಸಿ ನಂತರ ಏನು ಎಂದು ಯೋಚಿಸುತ್ತಿರುವ ತಂಗಿಯರಿಗೂ, ಓದು ನಿಲ್ಲಿಸಿ ಮನೆಯಲ್ಲಿರುವ ಅವರ ಅಕ್ಕ, ಅತ್ತಿಗೆಯರಿಗೂ ಉಪಯೋಗವಾಗುವಂತೆ ಬರೆಯಿರಿ ಎಂದು ಮೇಡಂ ಹೇಳಿದರು.

ಮೊದಲು ಕೋರ್ಸಿನ ವಿಷಯ. ಬಿ.ಎಸ್ಸಿ. ನರ್ಸಿಂಗ್ 4 ವರ್ಷ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಜಿಎನ್‌ಎಂ 3 ವರ್ಷದ ಡಿಪ್ಲೊಮಾ. ಇದಕ್ಕೆ ಕಲಾ, ವಾಣಿಜ್ಯದವರೂ ಸೇರಬಹುದು. ಇಂಗ್ಲಿಷ್ ಪಾಸಾಗಿ ಒಟ್ಟು ಶೇ 40 ಅಂಕ ಬೇಕು, ವಯಸ್ಸು 17ರಿಂದ 35ರೊಳಗಿರಬೇಕು. ನನ್ನಂಥವರಿಗೆ ಆಯ್ಕೆ ಇಲ್ಲಿಗೇ ಅರ್ಧ ಮುಗಿಯಿತು. ಜಿಎನ್‌ಎಂ ಆದವರು ಮುಂದೆ 2 ವರ್ಷ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಓದಿ ಪದವಿ ಪಡೆಯಬಹುದು, ಆದ್ದರಿಂದ ಡಿಪ್ಲೊಮಾ ಎಂದು ಯಾರೂ ಕೀಳಾಗಿ ನೋಡಬೇಕಾಗಿಲ್ಲ. ಯಾವುದನ್ನೇ ಓದಿದರೂ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆಗಬೇಕು. ನೋಂದಣಿ ಇಲ್ಲದ ಸರ್ಟಿಫಿಕೇಟ್ ಬರೀ ಕಾಗದ. "ಆರು ತಿಂಗಳಲ್ಲಿ ನರ್ಸ್ ಆಗಿ" ಎಂಬ ಬೋರ್ಡುಗಳ ಮುಂದೆ ನಿಲ್ಲಲೂ ಬೇಡಿ.

ಇನ್ನು ಸರ್ಕಾರಿಯೋ, ಖಾಸಗಿಯೋ? ಸರ್ಕಾರಿ ಸೀಟಿಗೆ ಶುಲ್ಕ ಕಡಿಮೆ, ಸೀಟೂ ಕಡಿಮೆ. ಬೆಂಗಳೂರಿನ ಕೋಟೆ ಪ್ರದೇಶದಲ್ಲಿ ಸರ್ಕಾರಿ ನರ್ಸಿಂಗ್ ಕಾಲೇಜಿದೆ. ಹದಿನೆಂಟರ ಹುಡುಗಿ ಹಾಸ್ಟೆಲ್‌ನಲ್ಲಿದ್ದು ಅಲ್ಲಿ ಓದಬಹುದು. ಮಕ್ಕಳಿರುವವಳಿಗೆ ಅದು ಕಷ್ಟ. ಮಾಲೂರಿನವರಿಗೆ ಬೆಂಗಳೂರಿಗೆ ರೈಲಿದೆ. ಮುಳಬಾಗಿಲಿಗೆ ರೈಲೇ ಇಲ್ಲ, ಬಸ್ಸೇ ಗತಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ನಮಗೆ ಉಚಿತ. ದಿನವೂ ಕೋಲಾರಕ್ಕೆ ಹೋಗಿಬರುವ ನನಗೆ ಆ ಉಳಿತಾಯ ಸಣ್ಣದಲ್ಲ. ಸರ್ಕಾರಿ ಸೀಟಿಗೆ ನಾನೂ ಅರ್ಜಿ ಹಾಕಿದ್ದೆ, ಸಿಗಲಿಲ್ಲ.

ಆಮೇಲೆ ಮಾಡಿದ ತಪ್ಪನ್ನು ಹೇಳಲೇಬೇಕು. ಪರಿಚಯದ ಏಜೆಂಟರೊಬ್ಬರು ಒಂದು ಖಾಸಗಿ ಕಾಲೇಜು ತೋರಿಸಿದರು. "ಮಕ್ಕಳಿದ್ದಾರಲ್ಲ, ದಿನಾ ಬರೋದು ಬೇಡಮ್ಮ, ಪರೀಕ್ಷೆಗೆ ಬಂದರೆ ಸಾಕು" ಅಂದರು. ನನಗೆ ಅದೇ ಅನುಕೂಲ ಅನ್ನಿಸಿತು! ಹೊಲಿಗೆಯಿಂದ ಕೂಡಿಟ್ಟ ಹಣದಲ್ಲಿ ಮುಂಗಡ ಕಟ್ಟಿ, ಮೂಲ ಅಂಕಪಟ್ಟಿಯನ್ನೂ ಕೊಟ್ಟುಬಂದೆ. ಅದೇ ವಾರ ಅಮ್ಮಿ ಆಸ್ಪತ್ರೆ ಸೇರಿದರು. ಅವರ ಕೈಯ ನರ ಹುಡುಕಿ ಸೂಜಿ ಹಾಕಲು ಒಬ್ಬ ಹೊಸ ಸಿಸ್ಟರ್ ನಾಲ್ಕು ಸಲ ಚುಚ್ಚಿದರು. ಐದನೇ ಸಲ ವಯಸ್ಸಾದ ಸಿಸ್ಟರ್ ಬಂದು ಒಂದೇ ಸಲಕ್ಕೆ ಹಾಕಿದರು. ತರಗತಿಗೆ ಹೋಗದೆ ನಾನು ಯಾರ ಅಮ್ಮಿಯ ಕೈ ಚುಚ್ಚಲಿ? ಸೀಟು ಬೇಡ ಅಂದೆ. ಮುಂಗಡ ಹೋಯಿತು. ಅಂಕಪಟ್ಟಿ ವಾಪಸ್ ಬರಲು ಎರಡು ತಿಂಗಳಾಗಿ ಆ ವರ್ಷದ ಪ್ರವೇಶವೂ ತಪ್ಪಿತು.

ಮರುವರ್ಷ ಶುಲ್ಕದ ಪಟ್ಟಿಗಿಂತ ಮೊದಲು ಆಸ್ಪತ್ರೆ ನೋಡಿದೆ. ಕೋಲಾರದಲ್ಲಿ ನಮಗೆ ಈ ಅನುಕೂಲವಿದೆ. ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ, ಟಮಕದ ಜಾಲಪ್ಪ ಆಸ್ಪತ್ರೆ, 1910ರಲ್ಲಿ ಮಿಷನ್‌ನವರು ಆರಂಭಿಸಿದ ಇಟಿಸಿಎಂ ಆಸ್ಪತ್ರೆ ಎಲ್ಲವೂ ಊರ ಆಸುಪಾಸಿನಲ್ಲೇ ಇವೆ. ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯೇ, ಅದರ ಹಾಸಿಗೆಗಳಲ್ಲಿ ನಿಜವಾಗಿ ರೋಗಿಗಳಿದ್ದಾರೆಯೇ ನೋಡಿ. ಬಿ.ಎಸ್ಸಿ. ಕಾಲೇಜಿಗೆ ಕನಿಷ್ಠ 100 ಹಾಸಿಗೆಯ ಆಸ್ಪತ್ರೆ ಇರಬೇಕೆಂಬುದು ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ನಿಯಮ. ಕಚೇರಿಯಲ್ಲಿ ಕೇಳುವುದಕ್ಕಿಂತ ಮೂರನೇ ವರ್ಷದ ಹುಡುಗಿಯರನ್ನು ಕ್ಯಾಂಟೀನಿನಲ್ಲಿ ಕೇಳಿ: ಹೆರಿಗೆ ವಾರ್ಡಿಗೆ ಕಳಿಸುತ್ತಾರಾ? ರಾತ್ರಿ ಪಾಳಿ ಯಾವಾಗಿಂದ? ಸಮವಸ್ತ್ರ, ಪರೀಕ್ಷೆ, ವಾಹನ ಅಂತ ಆಮೇಲೆ ಎಷ್ಟು ಕಟ್ಟಿದಿರಿ? ಸ್ಕಾಲರ್‌ಶಿಪ್‌ಗೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕುವುದಿದ್ದರೆ ಆ ಕಾಲೇಜಿನ ಹೆಸರು ಅದರಲ್ಲಿ ಬರುತ್ತದೆಯೇ ಎಂದೂ ಕೇಳಿ. ಮೂಲ ದಾಖಲೆ ಕೊಟ್ಟರೆ ಸಹಿ, ಮೊಹರು ಇರುವ ಸ್ವೀಕೃತಿ ಪಡೆಯದೆ ಹೊರಗೆ ಬರಬೇಡಿ.

ಸ್ಕಾರ್ಫ್, ಉದ್ದ ತೋಳಿನ ವಿಷಯವನ್ನೂ ಸೇರುವ ಮೊದಲೇ ಬಾಯಿಬಿಟ್ಟು ಮಾತಾಡಿ. ವಾರ್ಡಿನಲ್ಲಿ ಮೊಣಕೈವರೆಗೆ ಕೈ ತೊಳೆಯುವುದು ಸೋಂಕಿನ ಕಾರಣಕ್ಕೆ, ಅದರಲ್ಲಿ ರಿಯಾಯಿತಿ ಇರುವುದಿಲ್ಲ.

ನಮ್ಮ ಅತ್ತೆಗೆ ಮೊದಲು ಮನಸ್ಸಿರಲಿಲ್ಲ. "ಪರಾಯಿ ಗಂಡಸರನ್ನ ಮುಟ್ಟೋ ಕೆಲಸ" ಅನ್ನುತ್ತಿದ್ದರು. ಹಜರತ್ ರುಫೈದಾ ಅಲ್-ಅಸ್ಲಮಿಯಾ ಅವರ ಕಥೆ ಹೇಳಿದೆ. ಕ್ರಿ.ಶ. 627ರ ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆಜ್ ಅವರನ್ನು ಆರೈಕೆಗೆ ಕರೆದೊಯ್ದದ್ದು ಮದೀನಾದಲ್ಲಿದ್ದ ಆಕೆಯ ಡೇರೆಗೆ. ಅತ್ತೆ ಏನೂ ಹೇಳಲಿಲ್ಲ. ಆದರೆ ನನ್ನ ಮೊದಲ ರಾತ್ರಿ ಪಾಳಿಯ ದಿನ ಮಕ್ಕಳನ್ನು ತಮ್ಮ ಪಕ್ಕದಲ್ಲೇ ಮಲಗಿಸಿಕೊಂಡರು.

ನನ್ನ ಮೊದಲ ವರ್ಷದ ಪುಸ್ತಕಗಳನ್ನು ಕಾಲೇಜಿನ ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ. ಅಂಗರಚನೆಯ ಪುಸ್ತಕದಲ್ಲಿ ಇಂಗ್ಲಿಷ್ ಪದಗಳ ಪಕ್ಕ ಪೆನ್ಸಿಲ್‌ನಲ್ಲಿ ಕನ್ನಡ, ಉರ್ದು ಅರ್ಥ ಬರೆದಿದ್ದೇನೆ. ದಯವಿಟ್ಟು ಅದನ್ನು ಅಳಿಸಬೇಡಿ.