ನಾಯಿಗೂಡಿನ ಆಯುಷ್ಯ ಅದರ ಬುಡದಲ್ಲಿ

ವೆಲ್ಡಿಂಗ್ ಮಾಡಿದ ಕಬ್ಬಿಣದ ನಾಯಿಗೂಡು ಕೆಡಲು ತೊಡಗುವುದು ಬುಡದಿಂದ. ತೊಳೆದ ನೀರೂ ನಾಯಿಯ ಮೂತ್ರವೂ ಪೈಪು ನೆಲಕ್ಕೆ ತಾಗುವೆಡೆ ನಿಂತು ತುಕ್ಕು ಹಿಡಿಸುವುದರಿಂದ, ಕಾಂಕ್ರೀಟ್ ಹಾಸು ಮತ್ತು ಚೌಕಟ್ಟು ಸೇರುವ ಜಾಗಕ್ಕೆ ಹೆಚ್ಚಿನ ಗಮನ ಸಲ್ಲಬೇಕು. ಬಾಗಲಕೋಟೆ ಜಿಲ್ಲೆಯ ಮುಧೋಳ ತಳಿಯ ಒಂದು ನಾಯಿಗೆ 6 ಅಡಿ ಅಗಲ, 8 ಅಡಿ ಉದ್ದ, 6 ಅಡಿ ಎತ್ತರದ ಗೂಡನ್ನು ಇಲ್ಲಿ ಮಾದರಿಯಾಗಿ ಇಟ್ಟುಕೊಳ್ಳಲಾಗಿದೆ. ಓಟಕ್ಕೆಂದೇ ಬೆಳೆಸಿದ ಈ ತಳಿಗೆ ಗೂಡು ರಾತ್ರಿಯ ತಂಗುದಾಣವಾಗಬಹುದೇ ಹೊರತು ದಿನವಿಡೀ ಕೂಡಿಹಾಕುವ ಜಾಗವಲ್ಲ.

ಹಾಸು ಗೂಡಿಗಿಂತ ಸುತ್ತಲೂ 6 ಅಂಗುಲ ಹೆಚ್ಚಿಗೆ, ಎಂದರೆ 7 ಅಡಿಗೆ 9 ಅಡಿ ಇರಬೇಕು. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ, ಅಂಥ ನೆಲದಲ್ಲಿ ಮೇಲ್ಮಣ್ಣನ್ನು ಒಂದೆರಡು ಅಡಿ ತೆಗೆದು, ಗರಸು ತುಂಬಿ, ಪದರ ಪದರವಾಗಿ ದಿಮ್ಮಸು ಹೊಡೆಯಬೇಕು. ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿಯ ಮಿಶ್ರಣವನ್ನು 4 ಅಂಗುಲ ದಪ್ಪಕ್ಕೆ ಹಾಕಿ, 9 ಅಡಿ ಉದ್ದಕ್ಕೆ 2 ಅಂಗುಲ ವಾಟ, ಅಂದರೆ ನೀರು ಹರಿಯುವ ಇಳಿಜಾರು, ಕೊಟ್ಟರೆ ನೀರು ಹಿಂಬದಿಯ ಚರಂಡಿಗೆ ತಾನಾಗಿ ಇಳಿಯುತ್ತದೆ. ನುಣುಪಾದ ನೆಲದಲ್ಲಿ ನಾಯಿ ಜಾರುವುದರಿಂದ, ಹಾಸು ಹಸಿಯಿರುವಾಗಲೇ ಪೊರಕೆಯಿಂದ ನವಿರಾಗಿ ಗೀರೆಳೆಯುವುದು ಲೇಸು. ಕನಿಷ್ಠ 7 ದಿನ ನೀರುಣಿಸಬೇಕು.

ಚೌಕಟ್ಟಿಗೆ ಒಂದೂವರೆ ಅಂಗುಲದ, 16 ಗೇಜಿನ ಚೌಕ ಪೈಪು ಸಾಕು. ಸತು ಲೇಪಿತ ಜಿ.ಐ. ಪೈಪನ್ನು ವೆಲ್ಡ್ ಮಾಡುವಾಗ ಏಳುವ ಹೊಗೆ ಜ್ವರ ತರಿಸಬಲ್ಲದಾದ್ದರಿಂದ, ಸಾದಾ ಕಬ್ಬಿಣದ ಪೈಪನ್ನೇ ಆರಿಸಿ ಬಣ್ಣಕ್ಕೆ ಖರ್ಚು ಮಾಡುವುದು ಜಾಣತನ. ಮೊದಲು ಮೂಲೆಗಳನ್ನು ಚುಕ್ಕೆ ಬೆಸುಗೆಯಿಂದ ತಾತ್ಕಾಲಿಕವಾಗಿ ಹಿಡಿಸಬೇಕು. ಇದನ್ನೇ ಕೆಲಸಗಾರರು ಟ್ಯಾಕ್ ಎನ್ನುತ್ತಾರೆ. 6 ಅಡಿಗೆ 8 ಅಡಿಯ ಪಕ್ಕದ ಚೌಕಟ್ಟಿನಲ್ಲಿ ಎರಡೂ ಕರ್ಣಗಳು ಸರಿಯಾಗಿ 10 ಅಡಿ ಬಂದರೆ ಮೂಲೆಗಳು ಮಟ್ಟಕ್ಕಿವೆ ಎಂದರ್ಥ. ಬೆಸುಗೆ ಆರುವಾಗ ಕುಗ್ಗಿ ಪೈಪನ್ನು ಎಳೆಯುವುದರಿಂದ, ಪೂರ್ಣ ಬೆಸುಗೆಯನ್ನು ಒಂದು ಮೂಲೆಯ ನಂತರ ಅದರ ಎದುರು ಮೂಲೆಗೆ ಹಾಕುತ್ತ ಹೋಗಬೇಕು. 2 ಅಂಗುಲ ಕಣ್ಣಿನ ಜಾಲರಿಯನ್ನು ಒಳಬದಿಗೆ ಬೆಸೆದರೆ ನಾಯಿ ಎಷ್ಟು ಒತ್ತಿದರೂ ಅದು ಪೈಪಿಗೇ ಆತುಕೊಳ್ಳುತ್ತದೆ. ತಂತಿಯ ತುದಿಗಳನ್ನು ಗ್ರೈಂಡರ್‌ನಿಂದ ಸವರದೆ ಬಿಡಬಾರದು.

ಇನ್ನು ಕಾಲುಗಳು. ತಳದ ಪೈಪು ಹಾಸಿಗೆ ತಾಗದಂತೆ, ಪ್ರತಿ ಮೂಲೆಗೂ ಗಿಡ್ಡ ಕಾಲು, ಅದರಡಿ 4 ಅಂಗುಲ ಚೌಕದ 6 ಮಿ.ಮೀ. ತಗಡು ಬೆಸೆಯಬೇಕು. ವಾಟದಿಂದಾಗಿ 8 ಅಡಿಯಲ್ಲಿ ನೆಲ ಸುಮಾರು ಒಂದೂ ಮುಕ್ಕಾಲು ಅಂಗುಲ ತಗ್ಗುವುದರಿಂದ, ಮುಂದಿನ ಕಾಲು ಒಂದೂವರೆ ಅಂಗುಲವಿದ್ದರೆ ಹಿಂದಿನದು ಮೂರೂ ಕಾಲು ಅಂಗುಲ ಬೇಕಾಗುತ್ತದೆ. ಇದನ್ನು ಲೆಕ್ಕಿಸದೆ ನಾಲ್ಕನ್ನೂ ಸಮನಾಗಿ ಕತ್ತರಿಸಿದರೆ ಗೂಡು ವಾಲಿ, ಬಾಗಿಲು ಕೈಬಿಟ್ಟೊಡನೆ ತಾನೇ ತಿರುಗುತ್ತದೆ. ರಸಮಟ್ಟ ಇಟ್ಟು ನೋಡಿದ ಮೇಲೆಯೇ ತಗಡನ್ನು ಆ್ಯಂಕರ್ ಬೋಲ್ಟಿನಿಂದ ಬಿಗಿಯಬೇಕು. ಪೈಪಿನ ತೆರೆದ ಬಾಯಿಗಳನ್ನು ಬೆಸೆದು ಮುಚ್ಚದಿದ್ದರೆ ನೀರು ಒಳಗೇ ನಿಂತು, ಕಣ್ಣಿಗೆ ಕಾಣದ ಕಡೆಯಿಂದ ತುಕ್ಕು ಕೊರೆಯುತ್ತದೆ.

ನೆಗೆಯುವ ತಳಿಯಾದ್ದರಿಂದ ಮೇಲ್ಭಾಗಕ್ಕೂ ಜಾಲರಿ, ಅದರ ಮೇಲೆ ನೆರಳಿಗೆ ಹೊದಿಕೆ ಅಗತ್ಯ. ಬಾಗಿಲು ಒಳಕ್ಕೆ ತೆರೆಯುವಂತಿದ್ದರೆ ನಾಯಿ ತಳ್ಳಿದಷ್ಟೂ ಮುಚ್ಚಿಕೊಳ್ಳುತ್ತದೆ. ತೆಳುಗೂದಲಿನ, ಕೊಬ್ಬಿಲ್ಲದ ಈ ನಾಯಿಯ ಮೊಣಕೈಗಳು ಕಾಂಕ್ರೀಟಿಗೆ ಉಜ್ಜಿ ಜಡ್ಡುಗಟ್ಟುವುದರಿಂದ, ನೆಲದಿಂದ 6 ಅಂಗುಲ ಎತ್ತರದಲ್ಲಿ ಮಲಗಲು ಹಲಗೆಯೊಂದನ್ನು ಇಡಬೇಕು. ಕಂಬಿ ಕಚ್ಚುವ ಅಭ್ಯಾಸ ನಾಯಿಗಳಲ್ಲಿ ಸಾಮಾನ್ಯವಾದ್ದರಿಂದ ಸೀಸವಿಲ್ಲದ ಪ್ರೈಮರ್ ಮತ್ತು ಬಣ್ಣವನ್ನೇ ಬಳಸಿ, ವಾಸನೆ ಪೂರ್ತಿ ಹೋದ ಮೇಲಷ್ಟೇ ನಾಯಿಯನ್ನು ಒಳಬಿಡಬೇಕು.