ವೀಸಾ ಬೇರೆ, ವೃತ್ತಿಯ ಪರವಾನಗಿ ಬೇರೆ: ವಿದೇಶಕ್ಕೆ ಹೊರಟ ಪದವೀಧರರಿಗೆ ಕಾನೂನು ಅರಿವು

ಜ್ಞಾನಭಾರತಿ ಮೆಟ್ರೊ ನಿಲ್ದಾಣದಲ್ಲಿ ಇಳಿದು ಬೆಂಗಳೂರು ವಿಶ್ವವಿದ್ಯಾಲಯದ ಮೌಲ್ಯಮಾಪನ ಕುಲಸಚಿವರ ಕಚೇರಿಯ ಕಡೆ ಹೋಗುವವರಲ್ಲಿ ಹುಡುಗ ಹುಡುಗಿಯರ ಜೊತೆ ವಯಸ್ಸಾದ ಅಪ್ಪ ಅಮ್ಮಂದಿರೂ ಇರುತ್ತಾರೆ. ಮಗಳು ಟೊರಾಂಟೊದಲ್ಲಿ, ಅಳಿಯ ಮೆಲ್ಬರ್ನ್‌ನಲ್ಲಿ. ಅವರ ಮಾರ್ಕ್ಸ್ ಕಾರ್ಡುಗಳ ಫೈಲು ಇವರ ಕೈಯಲ್ಲಿ. ಅಲ್ಲಿ ಎಂಜಿನಿಯರ್ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಿದ್ದಾನೆ, ವರ್ಷಗಟ್ಟಲೆ ಐಸಿಯು ನೋಡಿಕೊಂಡ ನರ್ಸ್ ವೃದ್ಧಾಶ್ರಮದಲ್ಲಿ ಸಹಾಯಕಿಯಾಗಿದ್ದಾಳೆ. ಯಾವ ದುಡಿಮೆಯೂ ಕೀಳಲ್ಲ. ಆದರೆ ಕಲಿತ ವೃತ್ತಿಯ ಬಾಗಿಲು ಮುಚ್ಚಿದಾಗ ಆ ಮನೆಯವರು ಪಡುವ ಸಂಕಟ ದೊಡ್ಡದು. ಇದರಲ್ಲಿ ಒಂದು ಭಾಗಕ್ಕೆ ಅಲ್ಲಿನ ವ್ಯವಸ್ಥೆ ಕಾರಣವಾದರೆ, ಇನ್ನೊಂದು ಭಾಗಕ್ಕೆ ಹೊರಡುವ ಮುನ್ನ ಇಲ್ಲಿ ಮಾಡದೆ ಉಳಿದ ಕೆಲಸಗಳು ಕಾರಣ. ಎರಡಕ್ಕೂ ಕಾನೂನಿನಲ್ಲಿ ದಾರಿಗಳಿವೆ.

ಮೊದಲು ತಿಳಿಯಬೇಕಾದದ್ದು ಇಷ್ಟು: ವೀಸಾ ಎನ್ನುವುದು ಆ ದೇಶದಲ್ಲಿ ಇರಲು, ದುಡಿಯಲು ಕೊಡುವ ಅನುಮತಿ. ವೈದ್ಯ, ನರ್ಸ್, ವಕೀಲ, ಶಾಲಾ ಶಿಕ್ಷಕ, ಕೆನಡಾದಂಥ ಕಡೆ ಎಂಜಿನಿಯರ್ – ಇವು ಪರವಾನಗಿ ಬೇಕಾದ ವೃತ್ತಿಗಳು. ಪರವಾನಗಿ ಕೊಡುವುದು ಆ ವೃತ್ತಿಯ ನಿಯಂತ್ರಣ ಸಂಸ್ಥೆ. ವಲಸೆ ಇಲಾಖೆಗೂ ಅದಕ್ಕೂ ಸಂಬಂಧವಿಲ್ಲ. ಕೆನಡಾಕ್ಕೆ ಅರ್ಜಿ ಹಾಕುವಾಗ ವರ್ಲ್ಡ್ ಎಜುಕೇಶನ್ ಸರ್ವಿಸಸ್ (ಡಬ್ಲ್ಯುಇಎಸ್) ಮುಂತಾದ ಸಂಸ್ಥೆಗಳಿಂದ ಮಾಡಿಸುವ ಶೈಕ್ಷಣಿಕ ಮೌಲ್ಯಾಂಕನ ವಲಸೆಯ ಅಂಕಗಳಿಗೆ ಮಾತ್ರ. ಅದು ಐದು ವರ್ಷ ಚಾಲ್ತಿಯಲ್ಲಿರುತ್ತದೆ. ‘ನಿಮ್ಮ ಬಿ.ಇ. ಕೆನಡಾದ ಪದವಿಗೆ ಸಮ’ ಎಂದು ಅದರಲ್ಲಿ ಬರೆದಿದ್ದರೂ ಎಂಜಿನಿಯರ್ ಎಂದು ಸಹಿ ಹಾಕುವ ಹಕ್ಕು ಬರುವುದಿಲ್ಲ. ಸಾಫ್ಟ್‌ವೇರ್‌ನವರಿಗೆ ಸಾಮಾನ್ಯವಾಗಿ ಈ ತೊಡಕಿಲ್ಲ. ಬೆಂಗಳೂರಿನ ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಎಲ್‌ಎಲ್.ಬಿ. ಮಾಡಿದವರಿಗೂ ಕೆನಡಾದಲ್ಲಿ ರಾಷ್ಟ್ರೀಯ ಮಾನ್ಯತಾ ಸಮಿತಿ ಹೇಳಿದ ಪರೀಕ್ಷೆಗಳನ್ನು ಬರೆದು, ಪ್ರಾಂತ್ಯದ ವಕೀಲರ ಸಂಸ್ಥೆಯಲ್ಲಿ ನೋಂದಾಯಿಸಿಕೊಳ್ಳದೆ ವಕಾಲತ್ತು ಇಲ್ಲ.

ಇನ್ನು ದಾಖಲೆಗಳ ವಿಷಯ. ಟ್ರಾನ್ಸ್‌ಕ್ರಿಪ್ಟ್ (ಓದಿದ ವಿಷಯ, ಅಂಕಗಳ ಅಧಿಕೃತ ಪಟ್ಟಿ) ಯಾವ ವಿಶ್ವವಿದ್ಯಾಲಯ ಕೊಡಬೇಕು ಎಂಬಲ್ಲೇ ಬೆಂಗಳೂರಿನವರು ಅಲೆದಾಡುತ್ತಾರೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಆರಂಭವಾದದ್ದು 1998ರಲ್ಲಿ. ಅದಕ್ಕೆ ಮೊದಲು ನಗರದ ಎಂಜಿನಿಯರಿಂಗ್ ಕಾಲೇಜುಗಳಿಗೆ ಸೇರಿದವರ ದಾಖಲೆ ಬೆಂಗಳೂರು ವಿಶ್ವವಿದ್ಯಾಲಯದ್ದು. ವೈದ್ಯಕೀಯ, ನರ್ಸಿಂಗ್ ಓದಿದವರಿಗೆ 1996ರಿಂದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಬಂತು. 2017ರಲ್ಲಿ ಬೆಂಗಳೂರು ವಿವಿ ಮೂರಾಗಿ ಒಡೆದು ಕೇಂದ್ರ ವಿವಿ, ಉತ್ತರ ವಿವಿ ಹುಟ್ಟಿದವು. ಬೆಂಗಳೂರು ವಿವಿಯ ಭಾಗವಾಗಿದ್ದ ಎಂಜಿನಿಯರಿಂಗ್ ಕಾಲೇಜು ಯುವಿಸಿಇ ಈಗ ಸ್ವಾಯತ್ತ ಸಂಸ್ಥೆ. ಕಾಲೇಜು ಈಗ ಯಾರ ಕೆಳಗಿದೆ ಎಂದು ನೋಡುತ್ತ ಕೂರಬೇಡಿ. ನಿಮ್ಮ ಘಟಿಕೋತ್ಸವ ಪ್ರಮಾಣಪತ್ರದ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರಿದೆಯೋ ಅಲ್ಲಿಂದ ಶುರುಮಾಡಿ.

ಟ್ರಾನ್ಸ್‌ಕ್ರಿಪ್ಟನ್ನು ಹಲವು ವಿದೇಶಿ ಸಂಸ್ಥೆಗಳು ಅಭ್ಯರ್ಥಿಯ ಕೈಯಿಂದ ತೆಗೆದುಕೊಳ್ಳುವುದಿಲ್ಲ. ವಿಶ್ವವಿದ್ಯಾಲಯವೇ ಸೀಲು ಮಾಡಿದ ಲಕೋಟೆಯಲ್ಲಿ ಅಥವಾ ಆನ್‌ಲೈನಿನಲ್ಲಿ ಕಳಿಸಬೇಕು. ಮನೆಗೆ ತಂದ ಲಕೋಟೆ ಒಡೆದು ನೋಡಿದರೆ ಮತ್ತೆ ಮೊದಲಿನಿಂದ ಆಗಬೇಕು. ಎರಡು ಮೂರು ಪ್ರತಿ ಹೆಚ್ಚಿಗೆ ಮಾಡಿಸಿಟ್ಟುಕೊಂಡು ಹೊರಡುವುದು ಒಳ್ಳೆಯದು.

ಹೆಸರಿನ ಗೊಂದಲವಂತೂ ನಮ್ಮವರಿಗೇ ಮೀಸಲು ಎನ್ನುವ ಹಾಗಿದೆ. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಹೆಸರಿನ ಹಿಂದೆ ಎರಡು ಇನಿಷಿಯಲ್: ಒಂದು ಊರಿನದು, ಇನ್ನೊಂದು ಅಪ್ಪನದು. ಡಿಗ್ರಿಯಲ್ಲಿ ಅದೇ ಇನಿಷಿಯಲ್ ಹೆಸರಿನ ಮುಂದಕ್ಕೆ ಬಂದಿರುತ್ತದೆ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆದು, ಊರಿನ ಹೆಸರೇ ಸರ್‌ನೇಮ್ ಆಗಿರುತ್ತದೆ. ಮದುವೆಯಾದ ಹೆಣ್ಣುಮಕ್ಕಳಿಗೆ ಗಂಡನ ಹೆಸರೂ ಸೇರಿಕೊಳ್ಳುತ್ತದೆ. ಇಲ್ಲಿನ ಗುಮಾಸ್ತರಿಗೆ ಇದೆಲ್ಲ ಒಬ್ಬರೇ ಎಂದು ಗೊತ್ತು, ಅಲ್ಲಿನ ಅಧಿಕಾರಿಗೆ ಇದು ಮೂವರ ದಾಖಲೆ. ಎಲ್ಲ ಹೆಸರುಗಳೂ ಒಬ್ಬರವೇ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಿ, ಪಾಸ್‌ಪೋರ್ಟ್ ಪ್ರತಿ ಜೋಡಿಸಿ ಇಡಿ. ಅಫಿಡವಿಟ್ ಒಪ್ಪದ ಸಂಸ್ಥೆಗಳೂ ಇರುವುದರಿಂದ, ಮಾರ್ಕ್ಸ್ ಕಾರ್ಡಿನ ಸ್ಪಷ್ಟ ತಪ್ಪುಗಳಿಗೆ ತಿದ್ದುಪಡಿ ಅರ್ಜಿಯನ್ನೇ ಹಾಕಿಸುವುದು ಗಟ್ಟಿ ದಾರಿ.

ಅರ್ಜಿ ಹಾಕಿದ ಮೇಲೆ ಉತ್ತರವೇ ಬರದಿದ್ದರೆ? ರಸೀದಿ, ಅರ್ಜಿ ಸಂಖ್ಯೆ ಇಲ್ಲದೆ ಕೌಂಟರ್ ಬಿಟ್ಟು ಬರಬೇಡಿ. ಆ ಸೇವೆ ಸಕಾಲ (ಸರ್ಕಾರಿ ಸೇವೆಗಳಿಗೆ ಗಡುವು ಹಾಕಿದ ರಾಜ್ಯದ ಕಾಯ್ದೆ) ಪಟ್ಟಿಯಲ್ಲಿದೆಯೇ ಎಂದು ಕೇಳಿ. ಇದ್ದರೆ ಸಕಾಲ ಸಂಖ್ಯೆ ಕೊಡುವುದು ಅವರ ಕರ್ತವ್ಯ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಮೊತ್ತ ಚಿಕ್ಕದು, ಆದರೆ ಮೇಲ್ಮನವಿಯ ಹಕ್ಕು ಅದರ ಜೊತೆಗೇ ಬರುತ್ತದೆ. ಮಾಹಿತಿ ಹಕ್ಕು ಕಾಯ್ದೆ, 2005 ಇನ್ನೂ ಬಲವಾದ ಸಾಧನ. ವಿಶ್ವವಿದ್ಯಾಲಯ ಸಾರ್ವಜನಿಕ ಪ್ರಾಧಿಕಾರ. 10 ರೂಪಾಯಿ ಪೋಸ್ಟಲ್ ಆರ್ಡರ್ ಜೊತೆ, ಒಂದೇ ವಿಷಯದ ಮೇಲೆ, 150 ಪದ ಮೀರದಂತೆ ಬರೆಯಿರಿ. ಇದು ಕರ್ನಾಟಕದ ನಿಯಮ. ‘ನನ್ನ ಅರ್ಜಿ ಈಗ ಯಾರ ಮೇಜಿನಲ್ಲಿದೆ, ಯಾವ ದಿನಾಂಕದಿಂದ’ ಎಂಬ ಒಂದು ಪ್ರಶ್ನೆ ಸಾಕು, ಕಡತ ಅಲುಗಾಡುತ್ತದೆ. 30 ದಿನಗಳಲ್ಲಿ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯದು.

ಇದೇ ಕಾಯ್ದೆಯ ಇನ್ನೊಂದು ಉಪಯೋಗ ಹೆಚ್ಚಿನವರಿಗೆ ಗೊತ್ತಿಲ್ಲ. ಪರವಾನಗಿ ಸಂಸ್ಥೆಗಳು ನೀವು ಓದಿದ ವರ್ಷದ ಪಠ್ಯಕ್ರಮ ಕೇಳುತ್ತವೆ: ಯಾವ ವಿಷಯ, ಎಷ್ಟು ಗಂಟೆ ಪಾಠ, ಎಷ್ಟು ಗಂಟೆ ಪ್ರಯೋಗಾಲಯ. ಹತ್ತಿಪ್ಪತ್ತು ವರ್ಷದ ಹಿಂದಿನ ಸಿಲಬಸ್ ಕಾಲೇಜಿನ ಜಾಲತಾಣದಲ್ಲಿ ಸಿಗುವುದಿಲ್ಲ. ಸೆಕ್ಷನ್ 2(ಜೆ) ಪ್ರಕಾರ ದಾಖಲೆಯ ದೃಢೀಕೃತ ಪ್ರತಿ ಪಡೆಯುವ ಹಕ್ಕು ನಿಮಗಿದೆ, ಪುಟಕ್ಕೆ 2 ರೂಪಾಯಿ ಕಟ್ಟಿದರಾಯಿತು.

ಆದರೂ ವಿಶ್ವವಿದ್ಯಾಲಯ ಮಣಿಯದಿದ್ದರೆ ಗ್ರಾಹಕ ಆಯೋಗಕ್ಕೆ ಓಡಬೇಡಿ. ವಿದ್ಯಾರ್ಥಿ ಗ್ರಾಹಕನಲ್ಲ, ವಿಶ್ವವಿದ್ಯಾಲಯ ಸೇವೆ ಮಾರುತ್ತಿಲ್ಲ ಎಂದು ಮಹರ್ಷಿ ದಯಾನಂದ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದೆ. ಕುಲಪತಿಗಳಿಗೆ ಲಿಖಿತ ಮನವಿ, ಕೊನೆಗೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ – ದಾರಿ ಅದು.

ವಿದೇಶದಲ್ಲಿರುವವರು ಇಲ್ಲಿನ ಕೆಲಸಕ್ಕೆ ಅಪ್ಪನಿಗೋ ಅಕ್ಕನಿಗೋ ಪವರ್ ಆಫ್ ಅಟಾರ್ನಿ ಕಳಿಸುವುದುಂಟು. ಅದು ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಣಗೊಂಡಿರಲಿ. ರಾಜ್ಯಕ್ಕೆ ಬಂದ ಮೂರು ತಿಂಗಳೊಳಗೆ ಕರ್ನಾಟಕ ಮುದ್ರಾಂಕ ಕಾಯ್ದೆಯಂತೆ ಮುದ್ರಾಂಕ ಶುಲ್ಕ ಕಟ್ಟಿಸಿ. ಟ್ರಾನ್ಸ್‌ಕ್ರಿಪ್ಟಿಗಷ್ಟೇ ಆದರೆ ಅಧಿಕಾರ ಪತ್ರ ಸಾಕಾಗುತ್ತದೆಯೇ ಎಂದು ಮೊದಲು ವಿಚಾರಿಸಿ. ಒಂದು ದೇಶದ ದಾಖಲೆ ಇನ್ನೊಂದರಲ್ಲಿ ನಡೆಯಲು ಹಾಕಿಸುವ ಅಪೋಸ್ಟಿಲ್ ಮುದ್ರೆಯ ವಿಷಯದಲ್ಲೂ ಎಚ್ಚರ ಬೇಕು. ಭಾರತ 2005ರಲ್ಲಿ, ಕೆನಡಾ 2024ರ ಜನವರಿಯಲ್ಲಿ ಅಪೋಸ್ಟಿಲ್ ಒಪ್ಪಂದದ ವ್ಯಾಪ್ತಿಗೆ ಬಂದವು. ಆದರೆ ಜರ್ಮನಿ ಭಾರತದ ಸೇರ್ಪಡೆಗೆ ಆಕ್ಷೇಪ ಎತ್ತಿದ ದೇಶ. ಜರ್ಮನಿಗೆ ಹೋಗುವವರು ಏಜೆಂಟ್ ಹೇಳಿದನೆಂದು ಅಪೋಸ್ಟಿಲ್‌ಗೆ ಹಣ ಸುರಿಯುವ ಮೊದಲು ಅಲ್ಲಿನ ಮಾನ್ಯತಾ ಕಚೇರಿಯನ್ನು ಕೇಳಲಿ.

ಏಜೆಂಟರ ಮಾತು ಬಂತು. ವಿಜಯನಗರ, ರಾಜಾಜಿನಗರದ ಬೀದಿಗಳಲ್ಲಿ ವಿದೇಶದ ಬೋರ್ಡುಗಳಿಗೆ ಬರವಿಲ್ಲ. ಕಾನೂನು ಸ್ಪಷ್ಟವಾಗಿದೆ: ವಿದೇಶದಲ್ಲಿ ಉದ್ಯೋಗ ಕೊಡಿಸುತ್ತೇನೆ ಎನ್ನುವವನು ವಲಸೆ ಕಾಯ್ದೆ, 1983ರ ಅಡಿಯಲ್ಲಿ ನೋಂದಾಯಿತ ನೇಮಕಾತಿ ಏಜೆಂಟ್ ಆಗಿರಲೇಬೇಕು. ಅಂಗಡಿ ಪರವಾನಗಿ, ಜಿಎಸ್‌ಟಿ ಸಂಖ್ಯೆ ಅದಕ್ಕೆ ಬದಲಿಯಾಗಲಾರವು. ನೋಂದಣಿ ಇದೆಯೇ ಎಂದು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ನೋಂದಾಯಿತ ಏಜೆಂಟ್ ಕೂಡ ಉದ್ಯೋಗಾರ್ಥಿಯಿಂದ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಪಡೆಯುವಂತಿಲ್ಲ. ಕೊಲ್ಲಿ ರಾಷ್ಟ್ರಗಳೂ ಸೇರಿದ 18 ದೇಶಗಳಿಗೆ ಹೋಗುವ ನರ್ಸ್‌ಗಳಿಗೆ, ಪದವಿ ಇದ್ದರೂ, ವಲಸೆ ಅನುಮತಿ ಕಡ್ಡಾಯ. ‘ಮೊದಲು ವಿಸಿಟ್ ವೀಸಾದಲ್ಲಿ ಹೋಗಿ, ಆಮೇಲೆ ಬದಲಾಯಿಸೋಣ’ ಎಂದವರ ಬಾಗಿಲಿಂದ ಎದ್ದು ಬನ್ನಿ. ಕೆನಡಾದ ವಲಸೆ ಅರ್ಜಿಗೆ ಹಣ ಪಡೆದು ಸಲಹೆ ಕೊಡುವವರು ಆ ದೇಶದ ವಕೀಲರೋ ಅಲ್ಲಿನ ವಲಸೆ ಸಲಹೆಗಾರರ ‘ಕಾಲೇಜು’ ಎಂಬ ನಿಯಂತ್ರಣ ಸಂಸ್ಥೆಯ ಸದಸ್ಯರೋ ಆಗಿರಬೇಕು. ಆ ಪಟ್ಟಿಯೂ ಎಲ್ಲರಿಗೂ ತೆರೆದಿದೆ.

‘ಅನುಭವ ಪತ್ರ ನಾವೇ ಮಾಡಿಕೊಡುತ್ತೇವೆ’ ಎಂಬ ಆಮಿಷಕ್ಕೆ ಒಳ್ಳೆಯ ಮನೆತನದ ಮಕ್ಕಳೂ ಬಿದ್ದಿದ್ದಾರೆ. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಕೆನಡಾ ಐದು ವರ್ಷ ಬಾಗಿಲು ಮುಚ್ಚುತ್ತದೆ, ಇಲ್ಲಿ ಭಾರತೀಯ ನ್ಯಾಯ ಸಂಹಿತೆಯಡಿ ನಕಲಿ ದಾಖಲೆಯ ಕೇಸು ಬೀಳುತ್ತದೆ. ಅರ್ಜಿಗೆ ಸಹಿ ಹಾಕಿದವರು ನೀವೇ ಆದ್ದರಿಂದ ಏಜೆಂಟನನ್ನು ತೋರಿಸಿ ತಪ್ಪಿಸಿಕೊಳ್ಳುವುದು ಬಹಳ ಕಷ್ಟ.

ಹಣ ಕೊಟ್ಟು ಮೋಸ ಹೋದರೆ ದೂರನ್ನು ಯಾವ ಪೊಲೀಸ್ ಠಾಣೆಯಲ್ಲಾದರೂ ಕೊಡಬಹುದು. ‘ನಮ್ಮ ವ್ಯಾಪ್ತಿಯಲ್ಲ’ ಎಂದು ಹಿಂದೆ ಕಳಿಸುವ ಹಾಗಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಇದನ್ನೇ ಹೇಳುತ್ತದೆ. ವಂಚನೆಗೆ ನ್ಯಾಯ ಸಂಹಿತೆಯ 318(4) ಅನ್ವಯಿಸುತ್ತದೆ. ಜೊತೆಗೆ ಸೇವಾ ನ್ಯೂನತೆಗೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕನ್ಸಲ್ಟೆಂಟ್ ಕಚೇರಿ ದೆಹಲಿಯಲ್ಲಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹಾಕಬೇಕು. ನಗದು ಕೊಟ್ಟು ರಸೀದಿ ಪಡೆಯದವರ ಕೇಸು ಅಲ್ಲೇ ಸೊರಗುತ್ತದೆ. ಬ್ಯಾಂಕ್ ಮೂಲಕವೇ ಕೊಡಿ, ವಾಟ್ಸಾಪ್ ಮಾತುಕತೆ ಅಳಿಸಬೇಡಿ.

ಅಲ್ಲಿಗೆ ತಲುಪಿದವರಿಗೂ ಹಕ್ಕುಗಳಿವೆ. ಕೆನಡಾದ ಒಂಟಾರಿಯೊ ಪ್ರಾಂತ್ಯದ 2006ರ ಕಾಯ್ದೆಯೊಂದು ಪರವಾನಗಿ ಸಂಸ್ಥೆಗಳು ಅರ್ಜಿದಾರರಿಗೆ ಲಿಖಿತವಾಗಿ ಕಾರಣ ಕೊಡಬೇಕು, ಮರುಪರಿಶೀಲನೆಗೆ ಅವಕಾಶ ಕೊಡಬೇಕು ಎನ್ನುತ್ತದೆ. ‘ಕೆನಡಾದ ಅನುಭವ ಬೇಕು’ ಎನ್ನುವುದು ಮೇಲುನೋಟಕ್ಕೇ ತಾರತಮ್ಯ ಎಂದು ಅಲ್ಲಿನ ಮಾನವ ಹಕ್ಕುಗಳ ಆಯೋಗ 2013ರಲ್ಲೇ ಸಾರಿತು. ಹತ್ತು ವರ್ಷ ಕಳೆದು, 2023ರ ಮೇ ತಿಂಗಳಲ್ಲಿ ಅಲ್ಲಿನ ಎಂಜಿನಿಯರುಗಳ ಸಂಸ್ಥೆ ಆ ಷರತ್ತು ಕೈಬಿಟ್ಟಿತು. 2026ರ ಜನವರಿ 1ರಿಂದ, 25 ಅಥವಾ ಹೆಚ್ಚು ನೌಕರರಿರುವ ಉದ್ಯೋಗದಾತರು ಒಂಟಾರಿಯೊದ ಸಾರ್ವಜನಿಕ ಜಾಹೀರಾತಿನಲ್ಲಿ ಆ ಷರತ್ತು ಹಾಕುವಂತಿಲ್ಲ. ಜರ್ಮನಿಯ 2012ರ ಮಾನ್ಯತಾ ಕಾನೂನು ಅಲ್ಲಿನ ಒಕ್ಕೂಟದ ನಿಯಮಕ್ಕೆ ಒಳಪಟ್ಟ ವೃತ್ತಿಗಳಿಗೆ, ದಾಖಲೆ ಪೂರ್ಣವಾದ ಮೇಲೆ ಸಾಮಾನ್ಯವಾಗಿ ಮೂರು ತಿಂಗಳಲ್ಲಿ ತೀರ್ಮಾನ ಕೊಡಬೇಕೆನ್ನುತ್ತದೆ. ನಿಮ್ಮ ಓದಿನಲ್ಲಿ ಏನು ಕಡಿಮೆ ಬಿತ್ತು ಎಂದು ಬರೆದು ತಿಳಿಸಬೇಕು. ಆ ಕೊರತೆ ತುಂಬಲು ಕೋರ್ಸಿಗೋ ಪರೀಕ್ಷೆಗೋ ದಾರಿ ತೋರಬೇಕು. ಬಾಯಿಮಾತಿನ ‘ಇಲ್ಲ’ವನ್ನು ಒಪ್ಪಿಕೊಂಡು ಮರಳಬೇಡಿ. ಕಾರಣವನ್ನು ಬರಹದಲ್ಲಿ ಕೇಳಿ, ಮೇಲ್ಮನವಿಯ ಕೊನೆಯ ದಿನಾಂಕ ಕೇಳಿ.

ಕೆಲಸ ಕೊಡಿಸಲು ಅಲ್ಲಿ ಹಣ ಕೇಳಿದರೆ, ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡರೆ ಒಂಟಾರಿಯೊದಲ್ಲಿ ಅದೂ ಕಾನೂನುಬಾಹಿರ. ಭಾರತೀಯ ದೂತಾವಾಸಕ್ಕೆ ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣದಲ್ಲಿ ದೂರು ದಾಖಲಿಸಿ.

ಹೊರಡುವ ಮುನ್ನ ಸಂದೇಹವಿದ್ದರೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಸಂಖ್ಯೆ 1800 11 3090ಕ್ಕೆ ಕರೆ ಮಾಡಿ. ವಕೀಲರಿಗೆ ಕೊಡಲು ಹಣವಿಲ್ಲದವರು 15100ಕ್ಕೆ ಕರೆ ಮಾಡಿ ಕಾನೂನು ಸೇವಾ ಪ್ರಾಧಿಕಾರದ ನೆರವು ಕೇಳಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಈ ನೆರವು ಪಡೆಯಲು ಆದಾಯದ ಮಿತಿ ಇಲ್ಲ.